ಬೀದಿಯ ಕಣ್ಣೂ ಠಾಣೆಯ ಕಣ್ಣೂ

ನಮ್ಮ ಪಟ್ಟಣಗಳ ಬಡಾವಣೆಗಳಲ್ಲಿ ರಾತ್ರಿ ಕಾವಲುಗಾರನ ಸೀಟಿಯ ಸದ್ದು ಅಡಗುತ್ತಲಿದೆ. ಆ ಸ್ಥಾನಕ್ಕೆ ಸಿಸಿಟಿವಿ ಕ್ಯಾಮೆರಾ ಬಂದಿದೆ. ಕಳವಾದ ಮರುದಿನ ಪೋಲೀಸಿನವರು ಬೀದಿಯ ಮನೆಗಳಲ್ಲಿ ಮೊದಲು ವಿಚಾರಿಸುವುದೂ ಅದನ್ನೇ. ಇದರ ಉಪಯೋಗವನ್ನು ಅಲ್ಲಗಳೆಯುವುದು ಬರಿಯ ಹಠವಾದೀತು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದಾಗ, ಟೋಪಿ ಧರಿಸಿ ಚೀಲ ಹಿಡಿದು ಬಂದ ಶಂಕಿತನನ್ನು ತೋರಿಸಿಕೊಟ್ಟುದು ಕ್ಯಾಮೆರಾಗಳೇ. ಆರು ವಾರಗಳೊಳಗೆ ಇಬ್ಬರು ದೂರದ ಬಂಗಾಳದಲ್ಲಿ ಸೆರೆಸಿಕ್ಕರು.

ಜನಸಂದಣಿಯ ಸಂಸ್ಥೆಗಳು ಕ್ಯಾಮೆರಾ ಇರಿಸಿ, ದೃಶ್ಯಾವಳಿಯನ್ನು 30 ದಿನ ಕಾಪಾಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಶಾಸನವು ವಿಧಿಸಿದೆ. ಆದರೆ ಸಾಮಾನ್ಯ ಗೃಹಸ್ಥನು ತನ್ನ ಬಾಗಿಲಿಗೆ ಕ್ಯಾಮೆರಾ ಹಾಕಿಸುವುದು ಸ್ವಂತ ಇಚ್ಛೆಯಿಂದ, ಸ್ವಂತ ಹಣದಿಂದ. ಅದು ನೋಡುವುದು ಮಾತ್ರ ಅವನ ಮನೆಯನ್ನಷ್ಟೇ ಅಲ್ಲ. ಎದುರುಮನೆಯ ಹೆಣ್ಣುಮಗಳು ಎಷ್ಟು ಹೊತ್ತಿಗೆ ಬಂದಳು, ಪಕ್ಕದ ಬಾಡಿಗೆದಾರರ ಮನೆಗೆ ಯಾರು ಬಂದುಹೋದರು, ಇವೆಲ್ಲವೂ ಆ ಪೆಟ್ಟಿಗೆಯಲ್ಲಿ ಶೇಖರವಾಗುತ್ತವೆ. ಅವರಲ್ಲಿ ಯಾರ ಅನುಮತಿಯನ್ನೂ ಯಾರೂ ಕೇಳಿದ್ದಿಲ್ಲ. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ಬೀದಿಗೆ ಕಾಲಿಟ್ಟೊಡನೆ ಪೂರ್ತಿಯಾಗಿ ಲಯವಾಗುವುದೆಂದು ನಾವು ಎಣಿಸುವುದಿಲ್ಲ.

ಪೋಲೀಸರಿಗೆ ಸಹಕರಿಸುವುದು ನಾಗರಿಕನ ಕರ್ತವ್ಯವೆಂಬುದನ್ನು ನಾವು ನಿಸ್ಸಂದೇಹವಾಗಿ ಒಪ್ಪುತ್ತೇವೆ. ನಮ್ಮ ಆಕ್ಷೇಪವಿರುವುದು ಬಾಯಿಮಾತಿನ ಕೇಳಿಕೆಗೆ, ವಾಟ್ಸಾಪಿನ ಮೂಲಕ ಕಳುಹಿಸಿಕೊಡುವ ಸುಲಭ ಪದ್ಧತಿಗೆ. ತನಿಖೆಗೆ ಬೇಕಾದುದನ್ನು ಲಿಖಿತ ಆಜ್ಞೆಯಿಂದ ತರಿಸಿಕೊಳ್ಳುವ ಅಧಿಕಾರವನ್ನು ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮು ಠಾಣಾಧಿಕಾರಿಗೆ ಕೊಟ್ಟೇ ಇದೆ. ಇನ್ನು ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಯ ಪ್ರತಿಗೆ ಪ್ರಮಾಣಪತ್ರವೂ ಅವಶ್ಯ. ಅದಿಲ್ಲದೆ ಮೊಬೈಲಿನಿಂದ ಮೊಬೈಲಿಗೆ ಹಾರಿದ ತುಣುಕು ವಿಚಾರಣೆಯಲ್ಲಿ ಆರೋಪಿಯ ವಕೀಲರಿಗೇ ಉಪಕಾರವಾದೀತು. ಕಾಗದಪತ್ರವು ಪೋಲೀಸಿನವರಿಗೆ ಅಡ್ಡಿಯೆಂಬ ಭಾವನೆ ತಪ್ಪು.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ನಮ್ಮ ಬಾಗಿಲಲ್ಲಿ ಕ್ಯಾಮೆರಾ ಇರಲೆಂದು ಬಯಸುವ ಇಲಾಖೆಯ ಸ್ವಂತ ಬಾಗಿಲ ಸ್ಥಿತಿಯೇನು? ಪ್ರತಿ ಠಾಣೆಯ ದ್ವಾರ, ಲಾಕಪ್, ಮೊಗಸಾಲೆಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಾವಳಿಯನ್ನು 18 ತಿಂಗಳು ಕಾಪಾಡಬೇಕು, ಅದಾಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಇರಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ಆಜ್ಞಾಪಿಸಿತು. ದೇಶದ ಠಾಣೆಗಳಲ್ಲಿ ಕೆಲಸಮಾಡುವ ಕ್ಯಾಮೆರಾಗಳಿಲ್ಲವೆಂಬ ವಿಷಯವನ್ನು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯವು ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು. ಪ್ರಜೆಯ ಅಂಗಳ ಸದಾ ಬೆಳಕಿನಲ್ಲಿರಬೇಕು, ಲಾಕಪ್ಪಿನ ಮೂಲೆ ಕತ್ತಲಲ್ಲಿರಬಹುದು ಎಂಬ ನ್ಯಾಯ ಯಾವ ದೇಶದ್ದೋ ತಿಳಿಯದು.

ಬಡಾವಣೆಯ ಸಂಘಗಳವರು ಮಾಡಬೇಕಾದುದು ಕಠಿಣವೇನಲ್ಲ. ಅಪರಾಧ ಸಂಖ್ಯೆ, ದಿನಾಂಕ, ಬೇಕಾದ ವೇಳೆಗಳನ್ನು ನಮೂದಿಸಿದ ಚೀಟಿಯನ್ನು ಕೇಳಿ, ಅಷ್ಟು ವೇಳೆಯ ದೃಶ್ಯವನ್ನಷ್ಟೇ ಕೊಟ್ಟು ರಸೀತಿ ಪಡೆಯಬೇಕು. ನೆರೆಯವರ ಕಿಟಕಿಯತ್ತ ತಿರುಗಿರುವ ಕ್ಯಾಮೆರಾವನ್ನು ಹೊರಳಿಸಬೇಕು. ಠಾಣೆಗೆ ಸದಾಕಾಲ ನೇರ ಸಂಪರ್ಕ ಕೊಡುವ ಒಪ್ಪಂದಕ್ಕೆ ಕೇವಲ ಪದಾಧಿಕಾರಿಗಳ ರುಜು ಸಾಲದು, ನಿವಾಸಿಗಳ ಸಭೆ ಸೇರಬೇಕು. ಈ ಕ್ರಮವನ್ನು ಎಲ್ಲ ಇನ್‌ಸ್ಪೆಕ್ಟರುಗಳಿಗೂ ಸುತ್ತೋಲೆಯಿಂದ ತಿಳಿಸಲು ಪೋಲೀಸ್ ಮಹಾನಿರ್ದೇಶಕರಿಗೆ ಒಂದು ಹಾಳೆ ಕಾಗದ ಸಾಕು.