ನಿಧಾನದ ದಾರಿಯಲ್ಲಿ ವ್ಯಾಪಾರ: ಜಪಾನಿನ ಶಿಮನಾಮಿ ಸೈಕಲ್ ಮಾರ್ಗ

ಜಪಾನಿನ ಹಿರೋಷಿಮಾ ಪ್ರಾಂತ್ಯದ ಒನೊಮಿಚಿ ಬಂದರಿನಿಂದ ಎಹಿಮೆ ಪ್ರಾಂತ್ಯದ ಇಮಾಬರಿ ನಗರದವರೆಗೆ, ಸೆಟೊ ಒಳಸಮುದ್ರದ ಆರು ದ್ವೀಪಗಳನ್ನು ಹಾದುಹೋಗುವ ಸುಮಾರು 70 ಕಿ.ಮೀ. ಉದ್ದದ ಸೈಕಲ್ ಮಾರ್ಗಕ್ಕೆ ಶಿಮನಾಮಿ ಕೈದೊ ಎಂದು ಹೆಸರು. ಹೆದ್ದಾರಿಯಲ್ಲಿ ಕಾರು ಸುಮಾರು ಒಂದು ಗಂಟೆಯಲ್ಲಿ ದಾಟುವ ಈ ದೂರವನ್ನು ಕ್ರಮಿಸಲು ಸಾಮಾನ್ಯ ಸೈಕಲ್ ಸವಾರನಿಗೆ ಒಂದು ಪೂರ್ಣ ದಿನ ಬೇಕು. ಅನೇಕರು ನಡುವೆ ತಂಗಿ ಎರಡು ದಿನ ತೆಗೆದುಕೊಳ್ಳುತ್ತಾರೆ. ಈ ಎರಡು ವೇಗಗಳ ನಡುವಿನ ಅಂತರವೇ ಆ ದ್ವೀಪಗಳ ಸಣ್ಣ ವರ್ತಕರಿಗೆ ದೊರೆತ ಬಂಡವಾಳವೆನ್ನಬಹುದು.

ಸೇತುವೆ ತಂದ ಪ್ರಶ್ನೆ

1999ರ ಮೇ ತಿಂಗಳಿನಲ್ಲಿ ಸೇತುವೆಗಳ ಸರಣಿ ಪೂರ್ಣಗೊಂಡಾಗ ದ್ವೀಪವಾಸಿಗಳಿಗೆ ನಗರದ ಆಸ್ಪತ್ರೆ, ಮಾರುಕಟ್ಟೆಗಳು ಹತ್ತಿರವಾದವು. ಆದರೆ ಅದರೊಂದಿಗೆ ಅನೇಕ ದೋಣಿ ಸೇವೆಗಳು ನಿಂತವು. ಅವುಗಳನ್ನು ನೆಚ್ಚಿದ್ದ ಬಂದರುಕಟ್ಟೆಯ ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡವು. ಹೆದ್ದಾರಿಯ ವಾಹನಗಳಿಗೆ ನಡುವೆ ನಿಲ್ಲುವ ಕಾರಣವೇ ಇರಲಿಲ್ಲ. ಹಡಗು ನಿರ್ಮಾಣದ ಹಿಂಜರಿತವನ್ನು ಮೊದಲೇ ಕಂಡಿದ್ದ ಈ ಪ್ರದೇಶದಲ್ಲಿ ಯುವಜನರ ವಲಸೆಯೂ ಮುಂದುವರಿಯಿತು.

ಪರಿಹಾರದ ಒಂದು ಎಳೆ ಸೇತುವೆಗಳಲ್ಲಿಯೇ ಇತ್ತು. ಅವುಗಳಲ್ಲಿ ಸೈಕಲ್ ಮತ್ತು ಪಾದಚಾರಿಗಳಿಗೆ ಪ್ರತ್ಯೇಕ ದಾರಿ ಕಲ್ಪಿಸಲಾಗಿತ್ತು. ಸೇತುವೆಗೆ ಏರುವ ದಾರಿಯ ಇಳಿಜಾರು ಶೇ. 3ರಷ್ಟು ಮಾತ್ರ, ಹೀಗಾಗಿ ಹಿರಿಯರೂ ಮಕ್ಕಳೂ ಆಯಾಸವಿಲ್ಲದೆ ಏರಬಲ್ಲರು. 2014ರಲ್ಲಿ ಸೈಕಲ್‌ಗಳ ಸೇತುವೆ ಸುಂಕವನ್ನು ಮನ್ನಾ ಮಾಡಲಾಯಿತು. 2019ರಲ್ಲಿ ಈ ಮಾರ್ಗವು ಜಪಾನಿನ ಮೊದಲ ಮೂರು ರಾಷ್ಟ್ರೀಯ ಸೈಕಲ್ ಮಾರ್ಗಗಳಲ್ಲಿ ಒಂದಾಯಿತು.

ಸವಾರನ ಕಣ್ಣಿಗೆ ಬೀಳುವುದು

ಸೆಟೊ ಒಳಸಮುದ್ರವು 1934ರಲ್ಲಿಯೇ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಪ್ರದೇಶ. ಇಕುಚಿ ಮತ್ತು ಓಮಿ ದ್ವೀಪಗಳನ್ನು ಜೋಡಿಸುವ ತತಾರಾ ಸೇತುವೆಯನ್ನು ಮೊದಲು ತೂಗುಸೇತುವೆಯಾಗಿ ಯೋಜಿಸಲಾಗಿತ್ತು. ಅದರ ಭಾರಿ ಲಂಗರುಕಟ್ಟೆಗಾಗಿ ಗುಡ್ಡವನ್ನು ಅಗೆಯಬೇಕಾಗುತ್ತಿದ್ದುದರಿಂದ, 1989ರಲ್ಲಿ ವಿನ್ಯಾಸವನ್ನು ಬದಲಿಸಿ, ಗೋಪುರಗಳಿಂದಲೇ ಉಕ್ಕಿನ ಹಗ್ಗಗಳು ಸೇತುವೆಯನ್ನು ಹಿಡಿದಿಡುವ ಮಾದರಿಯನ್ನು ಸ್ವೀಕರಿಸಲಾಯಿತು. ಅದರ 890 ಮೀಟರ್‌ಗಳ ಮುಖ್ಯ ಅಂಕಣವು ಉದ್ಘಾಟನೆಯ ಸಮಯದಲ್ಲಿ ಆ ಮಾದರಿಯಲ್ಲಿ ಜಗತ್ತಿಗೇ ಅತಿ ಉದ್ದದ್ದಾಗಿತ್ತು. ಗುಡ್ಡದ ಹಸಿರು ಇಂದು ಸವಾರನಿಗೆ ಕಾಣುತ್ತಿರುವುದು ಆ ನಿರ್ಧಾರದ ಫಲ.

ಇಮಾಬರಿಯ ಸಮೀಪದ ಕುರುಶಿಮಾ ಜಲಸಂಧಿಯ ಮೇಲೆ ಮೂರು ತೂಗುಸೇತುವೆಗಳು ಒಂದಕ್ಕೊಂದು ಜೋಡಿಸಿಕೊಂಡು ಸುಮಾರು 4 ಕಿ.ಮೀ. ಸಾಗುತ್ತವೆ. ಕೆಳಗೆ ಉಬ್ಬರವಿಳಿತದ ಸೆಳೆತವು 10 ನಾಟ್‌ಗಳವರೆಗೆ, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ವೇಗಕ್ಕೆ ಏರುತ್ತದೆ. ಮೇಲಿನ ಸೈಕಲ್ಲಿನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಸುಳಿಗಳು ಎದ್ದು ಕರಗುವುದನ್ನೂ, ಸೆಳೆತದ ದಿಕ್ಕಿಗೆ ತಕ್ಕಂತೆ ಹಡಗುಗಳು ತಮ್ಮ ಕಾಲುವೆಯನ್ನು ಬದಲಿಸುವುದನ್ನೂ ನಿಂತು ನೋಡಲು ಅವನಿಗೆ ಸಾಧ್ಯವಾಗುತ್ತದೆ. ಮೇ ತಿಂಗಳಿನಲ್ಲಿ ಕಿತ್ತಳೆ ಹೂವಿನ ಪರಿಮಳ ದಾರಿಯುದ್ದಕ್ಕೂ ಹಬ್ಬಿರುತ್ತದೆ. ಓಮಿ ದ್ವೀಪದ ಓಯಮಾಜುಮಿ ದೇಗುಲದ ಆವರಣದಲ್ಲಿ ಪುರಾತನ ಕರ್ಪೂರದ ಮರಗಳು ನೆರಳು ನೀಡುತ್ತವೆ.

ನಿಂಬೆಯ ಪಾಠ

ಇಕುಚಿ ದ್ವೀಪದ ಇಳಿಜಾರುಗಳಲ್ಲಿ ಕಾಣುವ ನಿಂಬೆ ತೋಟಗಳ ಹಿಂದೆ ವ್ಯಾಪಾರದ ಇತಿಹಾಸವಿದೆ. 1964ರಲ್ಲಿ ಜಪಾನ್ ನಿಂಬೆಯ ಆಮದನ್ನು ಮುಕ್ತಗೊಳಿಸಿದಾಗ ಅಗ್ಗದ ವಿದೇಶಿ ಹಣ್ಣಿನ ಮುಂದೆ ಸ್ಥಳೀಯ ಬೆಳೆ ನೆಲಕಚ್ಚಿತು. ಮುಂದಿನ ದಶಕದಲ್ಲಿ ಆಮದು ಹಣ್ಣುಗಳಿಗೆ ಕೊಯ್ಲಿನ ಬಳಿಕ ಲೇಪಿಸುವ ಶಿಲೀಂಧ್ರನಾಶಕಗಳ ಬಗ್ಗೆ ಗ್ರಾಹಕರಲ್ಲಿ ಆತಂಕ ಮೂಡಿತು. ಸಿಪ್ಪೆಸಮೇತ ಬಳಸಬಹುದಾದ ಸ್ಥಳೀಯ ನಿಂಬೆಗೆ ಮತ್ತೆ ಬೇಡಿಕೆ ಬಂದಿತು. ಇಂದು ಅದೇ ನಿಂಬೆಯ ಮಿಠಾಯಿ, ಪಾನೀಯ, ಐಸ್‌ಕ್ರೀಂಗಳು ಸವಾರರ ಬಾಯಾರಿಕೆಯನ್ನು ನೆಚ್ಚಿ ಮಾರಾಟವಾಗುತ್ತಿವೆ.

ಆದರೆ ನಿಧಾನವಾಗಿ ಸಾಗುವವನ ಕಣ್ಣಿಗೆ ಪಾಳುಬಿದ್ದ ತೋಟಗಳೂ ಬೀಳುತ್ತವೆ. ಬೆಳೆಗಾರರಿಗೆ ವಯಸ್ಸಾಗಿದೆ, ಉತ್ತರಾಧಿಕಾರಿಗಳು ವಿರಳ. ದ್ವೀಪದಿಂದ ದ್ವೀಪಕ್ಕೆ ಈಜಿ ಬರುವ ಕಾಡುಹಂದಿಗಳ ಹಾವಳಿಯಿಂದ ತೋಟಗಳಿಗೆ ಬೇಲಿ ಅನಿವಾರ್ಯವಾಗಿದೆ. ಸೈಕಲ್ ಪ್ರವಾಸವು ಈ ಸಂಕಟವನ್ನು ನಿವಾರಿಸಿಲ್ಲ. ಉಳಿದವರಿಗೆ ಇನ್ನೊಂದು ಆದಾಯದ ಮೂಲವನ್ನು ಒದಗಿಸಿದೆ, ಅಷ್ಟೆ.

ವರ್ತಕರ ಪಾಲು

ಈ ಮಾರ್ಗದ ಯಶಸ್ಸಿನಲ್ಲಿ ಸಣ್ಣ ಸೌಕರ್ಯಗಳ ಪಾತ್ರ ದೊಡ್ಡದು. ರಸ್ತೆಯ ಅಂಚಿನಲ್ಲಿ ಬಳಿದ ನೀಲಿ ಗೆರೆಯನ್ನು ಹಿಡಿದು ಹೊರಟರೆ ನಕ್ಷೆಯ ಅಗತ್ಯವಿಲ್ಲ. ಬಾಡಿಗೆಗೆ ಪಡೆದ ಸೈಕಲನ್ನು ಬೇರೊಂದು ಕೇಂದ್ರದಲ್ಲಿ ಹಿಂತಿರುಗಿಸಬಹುದು. ಅಂಗಡಿ, ವಸತಿಗೃಹ ಮುಂತಾದ ಸ್ಥಳೀಯರು ನಡೆಸುವ ‘ಸೈಕಲ್ ಓಯಸಿಸ್’ ತಾಣಗಳಲ್ಲಿ ಕುಡಿಯುವ ನೀರು, ಗಾಳಿ ತುಂಬುವ ಪಂಪು, ಶೌಚಾಲಯ ದೊರೆಯುತ್ತವೆ. ಒನೊಮಿಚಿಯಲ್ಲಿ 1943ರ ಬಂದರು ಉಗ್ರಾಣವೊಂದನ್ನು 2014ರಲ್ಲಿ ಹೋಟೆಲಾಗಿ ಮಾರ್ಪಡಿಸಲಾಯಿತು. ಅಲ್ಲಿ ಅತಿಥಿಯು ಸೈಕಲನ್ನು ಕೋಣೆಯೊಳಗೇ ಒಯ್ಯಬಹುದು.

ಮಾರ್ಗದ ಕೊನೆಯ ನಗರವಾದ ಇಮಾಬರಿ ಟವೆಲ್ ನೇಯ್ಗೆಗೆ ಹೆಸರಾದದ್ದು. 1991ರಲ್ಲಿ ಸುಮಾರು 50,000 ಟನ್ ಇದ್ದ ಅಲ್ಲಿನ ಉತ್ಪಾದನೆ ಅಗ್ಗದ ಆಮದಿನಿಂದಾಗಿ 2009ರ ವೇಳೆಗೆ 10,000 ಟನ್‌ಗಿಂತ ಕೆಳಗಿಳಿಯಿತು. ಬೆಲೆಯಲ್ಲಿ ಸ್ಪರ್ಧಿಸುವುದು ಅಸಾಧ್ಯವೆಂದರಿತ ಉತ್ಪಾದಕರು 2006ರಿಂದ ಒಂದೇ ಗುರುತಿನಡಿ ಒಗ್ಗೂಡಿದ್ದರು. ನೀರಿನ ಮೇಲಿಟ್ಟ ಟವೆಲ್ ತುಂಡು 5 ಸೆಕೆಂಡುಗಳೊಳಗೆ ಮುಳುಗತೊಡಗಬೇಕೆಂಬುದು ಆ ಗುರುತನ್ನು ಪಡೆಯಲು ಇರುವ ಪರೀಕ್ಷೆಗಳಲ್ಲೊಂದು. ಸ್ಥಳೀಯ ನದಿಯ ಮೃದು ಜಲವೇ ತಮ್ಮ ಬಟ್ಟೆಯ ಮೃದುತ್ವಕ್ಕೆ ಆಧಾರವೆಂದು ಅವರು ಹೇಳಿಕೊಳ್ಳುತ್ತಾರೆ.

ನಿಂಬೆಯಾಗಲಿ, ಟವೆಲ್ಲಾಗಲಿ, ಅಗ್ಗದ ಸರಕಿನ ಮುಂದೆ ಬೆಲೆ ಇಳಿಸಿ ಉಳಿದುಕೊಂಡದ್ದಲ್ಲ. ತಾನು ಹುಟ್ಟಿದ ನೆಲ, ನೀರುಗಳನ್ನು ಗ್ರಾಹಕನ ಮುಂದಿಟ್ಟು ಉಳಿದುಕೊಂಡದ್ದು. ಆ ನೆಲವನ್ನು ಗ್ರಾಹಕನು ಸ್ವತಃ ತುಳಿದು ನೋಡುವಂತೆ ಮಾಡಿದುದು ಸೈಕಲ್ಲು. ಬಂದವನು ಒಂದು ಗಳಿಗೆ ನಿಲ್ಲುವಂತೆ ಮಾಡುವುದೇ ವ್ಯಾಪಾರದ ಮೊದಲ ಹೆಜ್ಜೆ ಎಂಬ ಹಳೆಯ ಅರಿವನ್ನು ಈ ಆರು ದ್ವೀಪಗಳು ಹೊಸದಾಗಿ ನೆನಪಿಸುತ್ತವೆ.