ಕೊಲೊನೊಸ್ಕೋಪಿ ಮತ್ತೆ ಯಾವಾಗ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅನೇಕ ಕಂಪೆನಿಗಳಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ನಡೆಯುತ್ತದೆ. ರಕ್ತದ ಸಕ್ಕರೆ, ಇ.ಸಿ.ಜಿ.ಯಂತೆ ಕೊಲೊನೊಸ್ಕೋಪಿಯನ್ನೂ ವರ್ಷ ವರ್ಷ ಮಾಡಿಸಬೇಕೇ ಎಂದು ಅಲ್ಲಿನವರು ಕೇಳುವುದುಂಟು. ಪೀಣ್ಯದ ಕಾರ್ಮಿಕರ ಪ್ರಶ್ನೆಯೇ ಬೇರೆ. ‘ಮೂರು ವರ್ಷದ ಹಿಂದೆ ಗಂಟು ತೆಗೆದರು, ಈಗ ಆರಾಮಾಗಿದೀನಿ, ಮತ್ಯಾಕೆ ಸಾರ್?’ ವರ್ಷ ವರ್ಷ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೆ ಗಂಟು ತೆಗೆಸಿಕೊಂಡವರು ಹೇಳಿದ ಗಡುವನ್ನು ತಪ್ಪಿಸಬಾರದು.

ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಅದು ಕರುಳಿನ ಒಳಪದರದಲ್ಲಿ ಅಣಬೆಯಂತೆ ಮೂಡುತ್ತದೆ. ಇವುಗಳಲ್ಲಿ ‘ಅಡಿನೋಮ’ ಜಾತಿಯ ಕೆಲವು ಮಾತ್ರ ಕ್ಯಾನ್ಸರಿಗೆ ತಿರುಗುತ್ತವೆ, ಅದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಆದ್ದರಿಂದ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ, ಮನೆತನದಲ್ಲಿ ಈ ಕಾಯಿಲೆ ಇಲ್ಲದಿದ್ದರೆ, ಮುಂದಿನ ಪರೀಕ್ಷೆ 10 ವರ್ಷಕ್ಕೆ.

ಪಾಲಿಪ್ ಸಿಕ್ಕಿದ್ದರೆ ಲೆಕ್ಕ ಬದಲಾಗುತ್ತದೆ. ಅಮೆರಿಕದ ತಜ್ಞರು 2020ರಲ್ಲಿ ಪರಿಷ್ಕರಿಸಿದ ಸಲಹೆಯ ಪ್ರಕಾರ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಒಂದೆರಡು ಸಾಧಾರಣ ಅಡಿನೋಮಗಳಿದ್ದರೆ 7ರಿಂದ 10 ವರ್ಷ. ಮೂರು ನಾಲ್ಕಿದ್ದರೆ 3ರಿಂದ 5 ವರ್ಷ. ಐದರಿಂದ ಹತ್ತು ಇದ್ದರೆ, ಅಥವಾ ಒಂದೇ ಇದ್ದರೂ ಒಂದು ಸೆಂಟಿಮೀಟರ್ ಮುಟ್ಟಿದ್ದರೆ 3 ವರ್ಷ. ಹತ್ತಕ್ಕಿಂತ ಹೆಚ್ಚಿದ್ದರೆ ಒಂದೇ ವರ್ಷ. ಪೀಣ್ಯದ ಆ ‘ಮತ್ಯಾಕೆ’ಗೆ ಉತ್ತರ ಇಲ್ಲಿದೆ: ಒಮ್ಮೆ ಗಂಟು ಬೆಳೆಸಿದ ಕರುಳು ಮತ್ತೆ ಬೆಳೆಸಬಲ್ಲದು, ನೋವಿಲ್ಲದೆಯೇ.

ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ 60ರೊಳಗೆ ಈ ಕ್ಯಾನ್ಸರ್ ಬಂದಿದ್ದರೆ, 40ನೇ ವಯಸ್ಸಿಗೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಆರಂಭಿಸಬೇಕು. ತಂದೆಗೆ 48ರಲ್ಲಿ ಬಂದಿದ್ದರೆ ಮಗನಿಗೆ 38ಕ್ಕೆ. ಅನಂತರ 5 ವರ್ಷಕ್ಕೊಮ್ಮೆ. ಕರುಳಿನ ಹುಣ್ಣಿನ ದೀರ್ಘ ಕಾಯಿಲೆಯಾದ ಅಲ್ಸರೇಟಿವ್ ಕೊಲೈಟಿಸ್ ಇರುವವರಿಗೆ ಗಡುವು ಇನ್ನೂ ಹತ್ತಿರ. ಅದನ್ನು ತಜ್ಞರೇ ಹೇಳಬೇಕು.

ಹೊಟ್ಟೆ ಚೆನ್ನಾಗಿ ಖಾಲಿಯಾಗದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ರಾತ್ರಿ ಪಾಳಿ ಮುಗಿಸಿ ಬಂದು ಭೇದಿಯ ಔಷಧಿಯನ್ನು ಅರ್ಧಕ್ಕೇ ಬಿಟ್ಟವರ ಕರುಳಿನಲ್ಲಿ ಮಲದ ಮರೆಗೆ ಪಾಲಿಪ್ ಅಡಗಿರಬಹುದು. ಅಂಥವರು ವರ್ಷದೊಳಗೆ ಮತ್ತೆ ಮಾಡಿಸಬೇಕಾಗುತ್ತದೆ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂಬ ಪದವನ್ನಷ್ಟೇ ನೋಡಿ ಮಡಚಿಡಬೇಡಿ. ಕರುಳು ಸ್ವಚ್ಛವಿತ್ತೇ, ನಳಿಕೆ ದೊಡ್ಡ ಕರುಳಿನ ಮೊದಲ ಭಾಗವಾದ ಸೀಕಂವರೆಗೆ ತಲುಪಿತೇ, ಪಾಲಿಪ್ ಎಷ್ಟು, ಎಷ್ಟು ದೊಡ್ಡದು, ಬಯಾಪ್ಸಿ ಏನೆಂದಿತು ಎಂದು ವೈದ್ಯರನ್ನು ಕೇಳಿ. ಕೆಲಸ ಬದಲಾದರೂ ಆ ಕಾಗದ ನಿಮ್ಮ ಬಳಿಯೇ ಇರಲಿ.

ಅಮೆರಿಕದಲ್ಲಿ 2021ರಿಂದ 45 ತುಂಬಿದವರಿಗೆಲ್ಲ ತಪಾಸಣೆಯ ಸಲಹೆಯಿದೆ. ನಮ್ಮಲ್ಲಿ ಈ ಕಾಯಿಲೆ ಅಲ್ಲಿಗಿಂತ ಕಡಿಮೆ. ಸರ್ಕಾರದ ಕ್ಯಾನ್ಸರ್ ತಪಾಸಣೆಯೂ ಬಾಯಿ, ಸ್ತನ, ಗರ್ಭಕೊರಳಿಗೆ ಸೀಮಿತ. ಆದರೆ ಕಿದ್ವಾಯಿ ಸಂಸ್ಥೆ 1982ರಿಂದ ಇಟ್ಟಿರುವ ಬೆಂಗಳೂರಿನ ಕ್ಯಾನ್ಸರ್ ದಾಖಲೆಯಲ್ಲಿ ಕರುಳಿನ ಕ್ಯಾನ್ಸರ್ ಏರುತ್ತ ಬಂದಿದೆ. ಕೊಲೊನೊಸ್ಕೋಪಿಗೆ ಹಿಂಜರಿಯುವವರು ವರ್ಷಕ್ಕೊಮ್ಮೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತದ ಪರೀಕ್ಷೆ ಮಾಡಿಸಬಹುದು. ಅದರಲ್ಲಿ ರಕ್ತ ಕಂಡರೆ ಕೊಲೊನೊಸ್ಕೋಪಿ ತಪ್ಪದು.

ಈ ವರ್ಷಗಳ ಲೆಕ್ಕ ತೊಂದರೆ ಇಲ್ಲದವರಿಗೆ ಮಾತ್ರ. ಮಲದಲ್ಲಿ ರಕ್ತ, ಕಾರಣವಿಲ್ಲದ ರಕ್ತಹೀನತೆ, ಹಠಾತ್ತನೆ ಬದಲಾದ ಮಲವಿಸರ್ಜನೆ ಕಂಡರೆ, ಹಿಂದಿನ ಪರೀಕ್ಷೆ ಕಳೆದ ವರ್ಷವೇ ಆಗಿದ್ದರೂ ವೈದ್ಯರ ಬಳಿ ಹೋಗಿ. ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಿ ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ಕೂರಬೇಡಿ.