ತಾಳಿಯ ಜೊತೆಗೊಂದು ಕಡತ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮದುವೆಗೆ ಸಾಕ್ಷಿ ಯಾರೆಂದು ಯಾರೂ ಕೇಳುವುದಿಲ್ಲ. ಚಪ್ಪರ ಹಾಕಿದ ಕೇರಿಯವರು, ಧಾರೆಗೆ ಬಂದ ನೆಂಟರು, ಅಡುಗೆ ಭಟ್ಟರು ಎಲ್ಲರೂ ಸಾಕ್ಷಿಗಳೇ. ಆದರೆ ಅಳಿಯ ಅಮೆರಿಕದಲ್ಲಿದ್ದರೆ ಊರವರ ಸಾಕ್ಷಿಯಷ್ಟೇ ಸಾಲದು. ಮದುವೆಯ ಗದ್ದಲ ಮುಗಿದು, ಹುಡುಗ ರಜೆ ತೀರಿಸಿ ವಿಮಾನ ಹತ್ತಿದ ಮೇಲೆ, ತವರಿನಲ್ಲಿ ಉಳಿದ ಹುಡುಗಿಯ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ನಿಮ್ಮ ಮದುವೆ ನಿಜವೆನ್ನಲು ಆಧಾರವೇನು?

ಪ್ರಶ್ನೆ ಅವಮಾನವೆನಿಸಬಹುದು. ಅದಕ್ಕೆ ಕಾರಣವಿದೆ. ಅಮೆರಿಕದ ಪ್ರಜೆಯನ್ನು ಮದುವೆಯಾದವರಿಗೆ ಕೊಡುವ ಕಾಯಂ ವಾಸದ ಪರವಾನಗಿಗೆ, ಅಂದರೆ ಗ್ರೀನ್ ಕಾರ್ಡಿಗೆ, ವಾರ್ಷಿಕ ಸಂಖ್ಯಾಮಿತಿಯಿಲ್ಲ. ಈ ದಾರಿಗಾಗಿಯೇ ಹುಸಿ ಮದುವೆಗಳು ನಡೆದದ್ದರಿಂದ ಅಲ್ಲಿನ ಸಂಸತ್ತು 1986ರಲ್ಲಿ ಕಾನೂನನ್ನು ಬಿಗಿಗೊಳಿಸಿತು. ಹುಸಿ ಮದುವೆ ಸಾಬೀತಾದರೆ 5 ವರ್ಷದವರೆಗೆ ಸೆರೆವಾಸ, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ.

ಮದುವೆಯಾಗುವಾಗ ಇಬ್ಬರಿಗೂ ಕೂಡಿ ಬಾಳುವ ಉದ್ದೇಶವಿತ್ತೇ ಎಂಬುದೇ ಮುಖ್ಯವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು 1975ರಲ್ಲಿ ಹೇಳಿತು. ಉದ್ದೇಶವನ್ನು ಕಣ್ಣಿಂದ ನೋಡಲಾಗದು. ಗಾಳಿಯನ್ನು ಎಲೆಯ ಅಲುಗಾಟದಿಂದ ತಿಳಿಯುವಂತೆ, ಅದನ್ನು ಕಾಗದಪತ್ರಗಳಿಂದಲೇ ಊಹಿಸಬೇಕು.

ಯಾವುದು ಆಧಾರ?

ಜಂಟಿ ಆಸ್ತಿ, ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಮಕ್ಕಳ ಜನನಪತ್ರ, ಬಲ್ಲವರ ಪ್ರಮಾಣಪತ್ರ ಇವುಗಳನ್ನು ಅಲ್ಲಿನ ನಿಯಮ ಹೆಸರಿಸುತ್ತದೆ. ಹೊಸದಾಗಿ ಮದುವೆಯಾಗಿ ಬೇರೆ ಬೇರೆ ದೇಶದಲ್ಲಿರುವವರ ಬಳಿ ಇವುಗಳಲ್ಲಿ ಹೆಚ್ಚಿನವು ಇರುವುದಿಲ್ಲ. ಹೆದರಬೇಕಿಲ್ಲ, ಬೇರೆ ಆಧಾರಗಳನ್ನೂ ಕೊಡಬಹುದು. ಎರಡೂ ಕಡೆಯ ಹಿರಿಯರಿರುವ ಫೋಟೋಗಳು, ಹುಡುಗ ಬಂದುಹೋದ ಟಿಕೆಟ್, ಪಾಸ್‌ಪೋರ್ಟಿನ ಮುದ್ರೆ, ಫೋನ್ ಕರೆಗಳ ವಿವರ, ಹಣ ಕಳಿಸಿದ ದಾಖಲೆ, ವಿಮೆಯಲ್ಲಿ ನಾಮಿನಿಯಾಗಿ ಹೆಂಡತಿಯ ಹೆಸರು ಸೇರಿಸಿದ ಪತ್ರ ಇವೆಲ್ಲ ಉಪಯುಕ್ತ. ಮದುವೆ ಮನೆಯಲ್ಲಿ ಮುಯ್ಯಿ ಬರೆದಿಟ್ಟ ನೋಟ್‌ಬುಕ್ಕನ್ನೂ ಎಸೆಯಬೇಡಿ.

ಎಲ್ಲಕ್ಕೂ ಮೊದಲು ಬೇಕಾದದ್ದು ವಿವಾಹ ನೋಂದಣಿ ಪತ್ರ. 1955ರ ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇದನ್ನು ಪಡೆಯಬಹುದು. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದ್ದರೂ, ವೀಸಾದ ಮಾತು ಬರುವವರೆಗೆ ಅದನ್ನು ಮುಂದೂಡುವವರಿದ್ದಾರೆ.

ಕರೆಯೋಲೆಯಲ್ಲಿ ಸಂವತ್ಸರ, ಮಾಸ, ತಿಥಿ ಇರುತ್ತವೆ. ಹುಡುಗಿಗೆ ಮನೆಯಲ್ಲಿ ಕರೆಯುವ ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಆಲಗುಡ್ಡೆಯೋ ಹೊಸಮನೆಯೋ ಇನಿಷಿಯಲ್ಲಾಗಿ ಕುಳಿತಿರುತ್ತದೆ. ಅಮೆರಿಕದ ವಲಸೆ ಇಲಾಖೆಗೆ ಕನ್ನಡದ ಕಾಗದ ಕೊಡುವಾಗ ಪೂರ್ಣ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಬರೆದು ಸಹಿ ಹಾಕಿರಬೇಕು.

ರೆಕಾರ್ಡ್ ಪುಸ್ತಕದ ಪಾಠ

ಪ್ರಯೋಗ ಮಾಡಿದ ದಿನವೇ ಬರೆದ ರೆಕಾರ್ಡ್ ಪುಸ್ತಕಕ್ಕೂ ಪರೀಕ್ಷೆಯ ಹಿಂದಿನ ರಾತ್ರಿ ನಕಲು ಮಾಡಿದ್ದಕ್ಕೂ ಇರುವ ವ್ಯತ್ಯಾಸ ಮೇಷ್ಟರಿಗೆ ಒಂದು ಪುಟ ತಿರುವಿದರೆ ಗೊತ್ತಾಗುತ್ತದೆ. ಸಂದರ್ಶನದ ಕಡತವೂ ಹಾಗೆಯೇ. ಕೊನೆಯ ವಾರದಲ್ಲಿ ತೆರೆದ ಖಾತೆಗಿಂತ, ತಿಂಗಳುಗಟ್ಟಲೆ ಅಕ್ಕಿ, ಕರೆಂಟು, ಔಷಧಿಗೆ ಖರ್ಚಾದ ಖಾತೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ದಂಪತಿ ಅಮೆರಿಕದಲ್ಲೇ ಇದ್ದು ಅರ್ಜಿ ಹಾಕಿದರೆ ಸಂದರ್ಶನಕ್ಕೆ ಸಾಮಾನ್ಯವಾಗಿ ಇಬ್ಬರೂ ಹೋಗುತ್ತಾರೆ. ಹೆಂಡತಿ ಇಲ್ಲಿದ್ದರೆ ಸಾಮಾನ್ಯವಾಗಿ ಮುಂಬಯಿಯ ಅಮೆರಿಕ ಕಾನ್ಸುಲೇಟ್‌ನಲ್ಲಿ ಅವಳೊಬ್ಬಳೇ ಉತ್ತರಿಸಬೇಕು. ನೆಂಟಸ್ತಿಕೆ ತಂದವರು ಯಾರು, ಹುಡುಗನ ಕೆಲಸವೇನು, ಮದುವೆಗೆ ಅವನ ಕಡೆಯಿಂದ ಯಾರು ಬಂದಿದ್ದರು ಎಂಬಂಥ ಪ್ರಶ್ನೆಗಳು ಬರಬಹುದು. ಬಾಯಿಪಾಠ ಬೇಡ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರೆ ಸಾಕು. ಜಾತಕ ನೋಡಿ, ಹಿರಿಯರು ಒಪ್ಪಿಸಿ ಆದ ಮದುವೆಯನ್ನು ನಾಚಿಕೊಂಡು ಪ್ರೇಮವಿವಾಹವೆಂದು ಹೇಳಹೊರಟರೆ ನಿಜವೂ ಸುಳ್ಳಿನಂತೆ ಕಂಡೀತು.

ಇನ್ನೊಂದು ಪ್ರತಿ

ವೀಸಾ ಸಿಕ್ಕಿದ ಕೂಡಲೇ ಕಡತ ಮುಚ್ಚುವಂತಿಲ್ಲ. ಕಾಯಂ ವಾಸದ ಹಕ್ಕು ಸಿಗುವ ದಿನ ಮದುವೆಗೆ 2 ವರ್ಷ ತುಂಬಿರದಿದ್ದರೆ, ಮೊದಲು ಸಿಗುವುದು 2 ವರ್ಷದ ಷರತ್ತಿನ ಕಾರ್ಡು. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡಹೆಂಡತಿ ಸೇರಿ ಮತ್ತೆ ಅರ್ಜಿ ಹಾಕಬೇಕು. ಆಧಾರಗಳನ್ನು ಮತ್ತೆ ತೋರಿಸಬೇಕು.

ಗಂಡ ತೀರಿಕೊಂಡರೆ, ವಿಚ್ಛೇದನವಾದರೆ, ಅಥವಾ ಅವನು ಹಿಂಸೆ ಕೊಡುತ್ತಿದ್ದರೆ ಅವಳೊಬ್ಬಳೇ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಆಗಲೂ, ತಾನು ಪ್ರಾಮಾಣಿಕವಾಗಿ ಮದುವೆಯಾದೆನೆಂದು ತೋರಿಸುವ ಹೊಣೆ ಅವಳದೇ. ಎಲ್ಲ ಕಾಗದವೂ ಗಂಡನ ಬೀರುವಿನಲ್ಲೇ ಇದ್ದರೆ ಅವಳೇನು ಮಾಡಬೇಕು?

ಆದ್ದರಿಂದ ಕಡತದ ಇನ್ನೊಂದು ಪ್ರತಿ ಅವಳ ಕೈಯಲ್ಲಿರಲಿ, ಮತ್ತೊಂದು ತವರಿನಲ್ಲಿರಲಿ. ಮಗಳ ಪೆಟ್ಟಿಗೆಗೆ ಉಪ್ಪಿನಕಾಯಿ, ಹಪ್ಪಳ, ಅಪ್ಪೆಮಿಡಿಯ ಡಬ್ಬಿ ಮರೆಯದೆ ತುಂಬುವ ಅಮ್ಮಂದಿರು, ಈ ಕಾಗದದ ಕಟ್ಟನ್ನೂ ಮರೆಯದೆ ಇಟ್ಟು ಕಳಿಸಬೇಕು.